‘ಕಂಪ್ರೆಷನ್ ಇಲ್ಲ’ ಅಂದ ತಕ್ಷಣ ಎಂಜಿನ್ ಬಿಚ್ಚಿಸಬೇಡಿ

ಕೊಡಗಿನಲ್ಲಿ ಹಳೆ ಮಾರುತಿ ಓಮ್ನಿ, ಜಿಪ್ಸಿ, 800 ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಗ್ಯಾರೇಜಿನಲ್ಲಿ ‘ಕಂಪ್ರೆಷನ್ ಇಲ್ಲ, ಬೋರ್ ಕೆಲಸ ಆಗಬೇಕು’ (ಸಿಲಿಂಡರಿನೊಳಗೆ ಪಿಸ್ಟನ್ ಗಾಳಿ ಒತ್ತಿದಾಗ ಬರಬೇಕಾದ ಒತ್ತಡ ಬರುತ್ತಿಲ್ಲ, ಸಿಲಿಂಡರಿನ ಒಳಗೋಡೆ ಕೊರೆಸಬೇಕು) ಎಂದರೆ ಮೊದಲು ಮೂರು ಮಾತು ಕೇಳಿ. ಯಾವ ಸಿಲಿಂಡರಿನಲ್ಲಿ ಎಷ್ಟು ಬಂತು? ಎಂಜಿನ್ ಬಿಸಿ ಇತ್ತಾ? ಆಯಿಲ್ ಹಾಕಿ ಇನ್ನೊಮ್ಮೆ ನೋಡಿದಿರಾ? ಉತ್ತರ ಬರದಿದ್ದರೆ ಗಾಡಿ ವಾಪಸ್ ತನ್ನಿ.

ನಮ್ಮದು ಗ್ಯಾಸ್ ಕಿಟ್ ಇರುವ ಓಮ್ನಿ. ಸಂಪಾಜೆ ಘಾಟಿ ಹತ್ತುವಾಗ ಎಳೆಯುತ್ತಲೇ ಇರಲಿಲ್ಲ. ನಿಂತಲ್ಲೇ ಇಡೀ ಗಾಡಿ ನಡುಗುತ್ತಿತ್ತು. ಆದರೆ ನೀಲಿ ಹೊಗೆ ಇಲ್ಲ, ಆಯಿಲ್ ಕಡಿಮೆಯಾಗುತ್ತಿರಲಿಲ್ಲ. ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗ್ ಸವೆದಿದ್ದರೆ ಇವೆರಡೂ ಸಾಮಾನ್ಯವಾಗಿ ಕಾಣುತ್ತವೆ, ಅಲ್ವಾ? ಗ್ಯಾರೇಜಿನವರು ಅದನ್ನು ಕೇಳಲೇ ಇಲ್ಲ. ತಣ್ಣಗಿದ್ದ ಎಂಜಿನ್ನಿಗೆ, ಒಂದೊಂದೇ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಒತ್ತದೆ, ಒತ್ತಡ ಅಳೆಯುವ ಗೇಜ್ ಹಾಕಿದರು. ಬ್ಯಾಟರಿ ಬೇರೆ ಸೋತಿತ್ತು, ಸೆಲ್ಫ್ ಎಳೆದೆಳೆದು ತಿರುಗುತ್ತಿತ್ತು. ಹೀಗೆ ನೋಡಿದರೆ ಒಳ್ಳೆ ಎಂಜಿನ್ನಿನಲ್ಲೂ ಮುಳ್ಳು ಮೇಲೇರುವುದಿಲ್ಲ. ‘ಮೂರೂ ಹೋಗಿದೆ’ ಎಂದುಬಿಟ್ಟರು.

ಬ್ಲಾಕ್ ಮೈಸೂರಿಗೆ ಹೋಗಿ ಬೋರ್ ಆಗಿ ಬಂತು. ಹೊಸ ಪಿಸ್ಟನ್, ಹೊಸ ರಿಂಗ್. ಬ್ಲಾಕಿನ ಮೇಲೆ ಕೂರುವ, ವಾಲ್ವುಗಳಿರುವ ಹೆಡ್ ಮಾತ್ರ ಒರೆಸಿ ಹಾಗೇ ಕೂರಿಸಿದರು. ಆ ವರ್ಷದ ಕರಿಮೆಣಸಿನ ದುಡ್ಡೆಲ್ಲ ಅಲ್ಲಿಗೆ ಹೋಯಿತು. ಗಾಡಿ ಮನೆಗೆ ಬಂದರೆ ಅದೇ ನಡುಕ. ಕೇಳಿದ್ದಕ್ಕೆ ‘ಹೊಸ ರಿಂಗ್ ಕೂರಬೇಕು, ಸುಮ್ನೆ ಓಡಿಸಿ’ ಎಂದರು. ರಿಂಗ್ ಕೂರಲು ಸ್ವಲ್ಪ ಓಟ ಬೇಕು, ನಿಜ. ಆದರೆ ಅದಕ್ಕೆ ಗಾಡಿ ಹೀಗೆ ನಡುಗುವುದಿಲ್ಲ.

ಕೊನೆಗೆ ನಮ್ಮ ಅಂಗಳದಲ್ಲೇ ಕ್ರಮವಾಗಿ ಟೆಸ್ಟ್ ಮಾಡಿದೆವು. ಎಂಜಿನ್ ಬಿಸಿ ಮಾಡಿ ಆಫ್ ಮಾಡಿದೆವು. ಗ್ಯಾಸ್, ಪೆಟ್ರೋಲ್ ಎರಡೂ ಬಂದ್. ಕಿಡಿ ಹಾರದಂತೆ ಕಾಯಿಲ್ ವೈರ್ ತೆಗೆದೆವು. ಪ್ಲಗ್ ಸುತ್ತಲಿನ ಧೂಳನ್ನು ಊದಿ, ಮೂರೂ ಪ್ಲಗ್ ಬಿಚ್ಚಿದೆವು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಚಾರ್ಜ್ ಆದ ಬ್ಯಾಟರಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು, ಗೇಜಿನ ಮುಳ್ಳು ಐದಾರು ಸಲ ಜಿಗಿಯುವವರೆಗೆ ಮಾತ್ರ. ಒಂದನೆಯದು ಮತ್ತು ಮೂರನೆಯದು 145 ಪಿಎಸ್‌ಐ ಆಸುಪಾಸು ಬಂತು. ಎರಡನೆಯದು 80ಕ್ಕೇ ನಿಂತಿತು.

ಆಮೇಲೆ ಎರಡನೇ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಸೆಲ್ಫ್ ಹೊಡೆದೆವು. ರಿಂಗ್ ಸಂದಿಯಲ್ಲಿ ಗಾಳಿ ಸೋರುತ್ತಿದ್ದರೆ ಆಯಿಲ್ ಅದನ್ನು ಮುಚ್ಚುತ್ತದೆ, ಮುಳ್ಳು ಚೆನ್ನಾಗಿ ಏರುತ್ತದೆ. ನಮ್ಮದು ಏರಿದ್ದು 85ಕ್ಕೆ. ಅಂದರೆ ರಿಂಗ್ ಅಲ್ಲ, ವಾಲ್ವ್ (ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಮುಚ್ಚಳ) ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ). ಗ್ಯಾಸ್ಕೆಟ್ ಎರಡು ಸಿಲಿಂಡರುಗಳ ನಡುವೆ ಹೋಗಿದ್ದರೆ ಅಕ್ಕಪಕ್ಕದ ಎರಡೂ ಒಟ್ಟಿಗೆ ಬೀಳುತ್ತವೆ. ಇಲ್ಲಿ ಬಿದ್ದದ್ದು ಒಂದೇ. ಎರಡೂ ವಾಲ್ವ್ ಮುಚ್ಚಿರುವ ಜಾಗಕ್ಕೆ ಪಿಸ್ಟನ್ ತಂದು, ಟೈರ್ ಕಂಪ್ರೆಸರಿನಿಂದ ಸ್ವಲ್ಪವೇ ಗಾಳಿ ಬಿಟ್ಟಾಗ ಸೈಲೆನ್ಸರ್ ಬಾಯಲ್ಲಿ ‘ಸುಸ್ಸ್’ ಅಂತ ಸದ್ದು. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಆಯಿಲ್ ಕ್ಯಾಪಿನಲ್ಲೂ ಸದ್ದಿಲ್ಲ. ಅಂದರೆ ಗ್ಯಾಸ್ಕೆಟ್ ಅಲ್ಲ, ರಿಂಗ್ ಅಲ್ಲ, ಗಾಳಿ ಸೋರುತ್ತಿರುವುದು ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವಿನಲ್ಲಿ. ಹೆಡ್ ಇಳಿಸಿದರೆ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಇಲಿ ಕಚ್ಚಿದ ಹಾಗೆ ಸುಟ್ಟುಹೋಗಿತ್ತು. ಹೆಡ್ ಕೈಯಲ್ಲೇ ಇದ್ದಾಗ ಗ್ಯಾರೇಜಿನವರಿಗೆ ಇದು ಹೇಗೆ ಕಾಣಲಿಲ್ಲ? ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗ್ಯಾಸಿನಲ್ಲಿ ಓಡುವ ಹಳೆ ಗಾಡಿಗಳಲ್ಲಿ ವಾಲ್ವ್ ಮುಚ್ಚಿದಾಗ ಕೂರುವ ಜಾಗ, ಅಂದರೆ ವಾಲ್ವ್ ಸೀಟು, ಬೇಗ ಸವೆಯುತ್ತದೆ. ವಾಲ್ವ್ ಮೇಲೆ ಸರಿದು ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದಿ) ಮುಚ್ಚಿಹೋಗುತ್ತದೆ. ಆಗ ವಾಲ್ವ್ ಪೂರ್ತಿ ಕೂರುವುದಿಲ್ಲ, ಬಿಸಿ ಸೀಟಿಗೆ ಇಳಿಯುವುದಿಲ್ಲ, ಅಂಚು ಸುಡುತ್ತದೆ. ಟ್ಯಾಪೆಟ್ ಸದ್ದೇ ಇಲ್ಲ, ಎಂಜಿನ್ ಎಷ್ಟು ಸ್ಮೂತ್ ಅಂತ ಖುಷಿಪಡಬೇಡಿ. ಮೊದಲು ಗ್ಯಾಪ್ ನೋಡಿಸಿ. ಸುಡುವ ಮೊದಲೇ ಸಿಕ್ಕಿದರೆ ಬರೀ ಟ್ಯಾಪೆಟ್ ಸೆಟ್ಟಿಂಗಿಗೇ ಕಂಪ್ರೆಷನ್ ವಾಪಸ್ ಬರುವುದುಂಟು.

ನಮ್ಮ ಊರಿನವರು ಇನ್ನೊಂದು ಲೆಕ್ಕ ಹಿಡಿಯಬೇಕು. ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಮ್ಯಾನ್ಯುಯಲ್ಲಿನಲ್ಲಿ ಸಮುದ್ರಮಟ್ಟಕ್ಕೆ 170 ಅಂತಿದ್ದರೆ ಮಡಿಕೇರಿಯಲ್ಲಿ 150ರ ಹತ್ತಿರ ಬಂದರೂ ಎಂಜಿನ್ ಚೆನ್ನಾಗೇ ಇದೆ. ಸಿಲಿಂಡರುಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನೋದನ್ನೇ ಜಾಸ್ತಿ ನೋಡಿ.

ಡೀಸೆಲ್ ಜೀಪಿಗೆ ಮಾತ್ರ ಇದ್ಯಾವುದನ್ನೂ ಮನೆಯಲ್ಲಿ ಮಾಡಬೇಡಿ. ಅಲ್ಲಿ ಒತ್ತಡ 400 ಪಿಎಸ್‌ಐ ಆಸುಪಾಸು ಹೋಗುತ್ತದೆ, ಪೆಟ್ರೋಲ್ ಗೇಜ್ ತಡೆಯುವುದಿಲ್ಲ. ಪಿಸ್ಟನ್ ಮೇಲೆ ಜಾಗವೂ ತೀರಾ ಕಡಿಮೆ. ಆಯಿಲ್ ಹೆಚ್ಚಾದರೆ ಪಿಸ್ಟನ್ ಅದಕ್ಕೇ ಬಡಿದು ಕನೆಕ್ಟಿಂಗ್ ರಾಡ್ ಬಾಗಬಹುದು.