ಶೇಂಗಾ ಬಿತ್ತೋಕೆ ಮಣ್ಣಿನ ಬಿಸಿ: ವೆಬ್‌ಸೈಟ್ ನೋಡೋದಾ, ಕಡ್ಡಿ ಚುಚ್ಚೋದಾ?

ನಮ್ಮ ಮುಧೋಳದ ಕಡೆ ಬೇಸಿಗೆ ಶೇಂಗಾ ಬಿತ್ತೋದು ಸಂಕ್ರಾಂತಿ ಹಿಂದೆ ಮುಂದೆ. ಮಧ್ಯಾಹ್ನ ಬಿಸಿಲು ಚುರುಕಾಗಿಯೇ ಇರುತ್ತದೆ, ಬೆಳಗ್ಗೆ ಮಾತ್ರ ಮಣ್ಣು ತಣ್ಣಗೆ. 18 ಡಿಗ್ರಿಗಿಂತ ಕೆಳಗಿದ್ದರೆ ಬೀಜ ಸರಿಯಾಗಿ ಏಳುವುದಿಲ್ಲ, ಮಣ್ಣಲ್ಲೇ ಕೂತು ಕೊಳೆಯುತ್ತದೆ. ಶೇಂಗಾ ಬೀಜದ ರೇಟು ಗೊತ್ತಲ್ವಾ? ಅದಕ್ಕೇ ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಓಪನ್-ಮೀಟಿಯೊ ಅನ್ನೋ ಹವಾಮಾನದ ವೆಬ್‌ಸೈಟ್. ಪುಕ್ಕಟೆ. 6, 18, 54 ಸೆಂ.ಮೀ. ಆಳದ ಉಷ್ಣತೆ ಗಂಟೆ ಗಂಟೆಗೂ ಸಿಗುತ್ತದೆ, ಮುಂದಿನ ವಾರದ್ದೂ ಸಿಗುತ್ತದೆ. ಚಳಿ ಮತ್ತೆ ಬರುತ್ತಾ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಅದು ಹಲವು ಕಿಲೋಮೀಟರ್ ಅಗಲದ ಚೌಕಕ್ಕೆ ಕಂಪ್ಯೂಟರ್ ಹಾಕಿದ ಲೆಕ್ಕ, ನಮ್ಮ ಹೊಲದಲ್ಲಿ ಯಾರೂ ಅಳೆದದ್ದಲ್ಲ. ರಾತ್ರಿ ನೀರು ಬಿಟ್ಟಿದ್ದೀನೋ, ಪಕ್ಕದ ಕಬ್ಬಿನ ಸಾಲಲ್ಲಿ ರವದಿ (ಕಬ್ಬಿನ ಒಣ ಎಲೆ) ಮುಚ್ಚಿದ್ದೀನೋ, ಅದಕ್ಕೇನು ಗೊತ್ತು?

ಎರಡನೆಯದು ಮಣ್ಣಿಗೆ ಚುಚ್ಚೋ ಕಡ್ಡಿ, ಅಂದರೆ ಡಿಎಸ್18ಬಿ20 ಅನ್ನೋ ಉಷ್ಣತೆ ಸೆನ್ಸರ್, ಸ್ಟೀಲ್ ತುದಿ, ಉದ್ದ ವಯರ್. ಸೆನ್ಸರ್ ಒಂದಕ್ಕೆ ನೂರಿನ್ನೂರು ರೂಪಾಯಿ, ಅಂಕಿ ತೋರಿಸೋ ಡಬ್ಬಿ ಬೇರೆ. ಅರ್ಧ ಡಿಗ್ರಿ ಆಚೀಚೆ ಆಗಬಹುದು, ನಮ್ಮ ಕೆಲಸಕ್ಕೆ ಸಾಕು. ತಂದ ಕೂಡಲೇ ಲೋಟದಲ್ಲಿ ಐಸ್ ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ಅದರಲ್ಲಿ ಅದ್ದಿ ನೋಡಿ, ಸೊನ್ನೆ ಹತ್ತಿರ ಬರಬೇಕು. ಎರೆ ಮಣ್ಣಲ್ಲಿ ಒಂದು ತೊಂದರೆ ಇದೆ: ಬಿರುಕಿನ ಬಾಯಲ್ಲಿ ಚುಚ್ಚಿದರೆ ಮಣ್ಣಿನದಲ್ಲ, ಗಾಳಿಯ ಉಷ್ಣತೆ ತೋರಿಸುತ್ತದೆ. ಬಿರುಕಿಲ್ಲದ ಕಡೆ, ಬೀಜ ಬೀಳೋ 5 ಸೆಂ.ಮೀ. ಆಳಕ್ಕೆ ಓರೆಯಾಗಿ ಇಳಿಸಿ ಸುತ್ತ ಮಣ್ಣು ಅದುಮಬೇಕು. ಹವಾಮಾನ ಇಲಾಖೆಯ ಕೃಷಿ ಕೇಂದ್ರಗಳಲ್ಲಿ 5, 10, 20 ಸೆಂ.ಮೀ. ಆಳದಲ್ಲಿ ಬೆಳಗ್ಗೆ 7ಕ್ಕೆ, ಮಧ್ಯಾಹ್ನ 2ಕ್ಕೆ ಓದುತ್ತಾರೆ. ನಾನು ಬೆಳಗಿನದನ್ನೇ ನಂಬೋದು. ಅದು 18 ದಾಟಿ ಹಾಗೇ ನಿಂತರೆ ಕೂರಿಗೆ ಹೂಡೋದೇ.

ಮೂರನೆಯದು ವರ್ಷಕ್ಕೆ ಚಂದಾ ಕಟ್ಟೋ ಸೋಲಾರ್ ಡಬ್ಬಿ. ಮೊಬೈಲಿಗೆ ಅಂಕಿ ತಾನಾಗೇ ಬರುತ್ತದೆ, ಆರಾಮ. ಆದರೆ ಕಂಪನಿಯವರು ಅದರ ಸೆನ್ಸರನ್ನು ಬೇರಿನ ಆಳಕ್ಕೆ ಹೂತು ಹೋಗಿದ್ದರು, ಬಿತ್ತನೆಗೆ ಆ ಅಂಕಿ ಇಟ್ಟುಕೊಂಡು ಏನು ಮಾಡೋದು? ಮೇಲೆ ತೆಗೆದು ಹಾಕಿ ಅಂದರೆ ಬರೋಕೆ ಜನ ಇಲ್ಲ.

ಹಿಂಗಾರಿ ಕಡಲೆಗೆ ಮಾತ್ರ ಲೆಕ್ಕ ಉಲ್ಟಾ. ಅಲ್ಲಿ ಮಣ್ಣು ಕಾದಿರೋದೇ ಕಾಟ. 30 ಡಿಗ್ರಿ ದಾಟಿ ಹಸಿಯೂ ಆರಿದರೆ ಒಣ ಬೇರು ಕೊಳೆ ರೋಗ ಜಾಸ್ತಿ. ಮಳೆ ನಂಬಿದ ಬಯಲು ಹೊಲ, ನೀರು ಬಿಡೋ ಗೊಡವೆಯಿಲ್ಲ, ಹಾಗಾಗಿ ವೆಬ್‌ಸೈಟ್ ಅಂಕಿಗೂ ಕಡ್ಡಿ ಅಂಕಿಗೂ ಅಷ್ಟು ದೂರ ಇರಲಿಲ್ಲ. ಹಾಗಂತ ತಂಪಾಗಲಿ ಅಂತ ಕಾಯ್ತಾ ಕೂತರೆ ಮೇಲಿನ ಹಸಿ ಹೋಗುತ್ತದೆ, ಆಗ ಹಸಿ ನೋಡಿಯೇ ಬಿತ್ತಬೇಕು.

ತಿಕೋಟಾ ಕಡೆ ದ್ರಾಕ್ಷಿ ಇಟ್ಟುಕೊಂಡು ಊರಲ್ಲಿ ಇರದವರಿಗೆ ಸೋಲಾರ್ ಡಬ್ಬಿ ಸರಿಹೋಗಬಹುದು. ನಾನು ಈ ಸಲ ಚಂದಾ ಕಟ್ಟಿಲ್ಲ, ಇನ್ನೊಂದು ಸೆನ್ಸರ್ ತಂದು ನೀರು ನಿಲ್ಲೋ ತಗ್ಗಿನ ಕಡೆ ಹಾಕಿದ್ದೇನೆ.