ಒಂದು ಸ್ಟಾರ್ ಕೊಟ್ಟಿದ್ದ ಪೆಟ್ ಕ್ಲಿನಿಕ್‌ಗೆ ಈಗ ನಾಲ್ಕು ಕೊಡುತ್ತಿದ್ದೇನೆ, ತಪ್ಪು ಅರ್ಧ ನನ್ನದೇ ಇತ್ತು

ಎರಡು ವರ್ಷದ ಹಿಂದೆ ಈ ಪೆಟ್ ಕ್ಲಿನಿಕ್‌ಗೆ ಒಂದೇ ಒಂದು ಸ್ಟಾರ್ ಕೊಟ್ಟು ಉದ್ದಕ್ಕೆ ಬೈದು ಬರೆದಿದ್ದೆ. ಮೂರು ದೂರು. ಆಪರೇಷನ್‌ಗೆ ದಿನ ಕೊಟ್ಟು, ಬೆಳಗ್ಗೆ ಹೋದರೆ ವಾಪಸ್ ಕಳಿಸುತ್ತಾರೆ. ನಮಗಿಂತ ಹಿಂದೆ ಬಂದವರನ್ನು ಮೊದಲು ಒಳಗೆ ಕರೆಯುತ್ತಾರೆ. ಫೋನ್ ಎತ್ತುವುದೇ ಇಲ್ಲ. ಮೂರೂ ನಿಜವೇ. ಆದರೆ ಮೊದಲನೆಯದು ನಾನೇ ಮಾಡಿಕೊಂಡದ್ದು, ಎರಡನೆಯದು ಗೊತ್ತಿಲ್ಲದೆ ಬೈದದ್ದು. ಆಮೇಲೆ ಒಂದು ಬೆಕ್ಕು, ಒಂದು ನಾಯಿ ಕಟ್ಟಿಕೊಂಡು ಅಲ್ಲಿಗೇ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ಹಳೆಯದನ್ನು ತೆಗೆದು ಇದನ್ನು ಬರೆಯುತ್ತಿದ್ದೇನೆ. ಕ್ಲಿನಿಕ್ ಹೆಸರು ಬೇಡ, ಬೈಯುವುದು ಇನ್ನೂ ಸ್ವಲ್ಪ ಬಾಕಿ ಇದೆ.

ಮೊದಲು ಆಪರೇಷನ್ ಕಥೆ. ನಮ್ಮ ಬೆಕ್ಕು ಚುಕ್ಕಿಗೆ ಮರಿ ಆಗದಂತೆ ಆಪರೇಷನ್ ಮಾಡಿಸಬೇಕಿತ್ತು. ಹಿಂದಿನ ರಾತ್ರಿಯಿಂದ ಏನೂ ತಿನ್ನಿಸಬೇಡಿ, ನೀರು ಇಟ್ಟರೆ ಪರವಾಗಿಲ್ಲ ಅಂತ ಚೀಟಿಯಲ್ಲೇ ಬರೆದುಕೊಟ್ಟಿದ್ದರು. ನಾನು ಪಾಲಿಸಿದೆ. ಮಗಳು ಪಾಲಿಸಲಿಲ್ಲ, ಯಾಕೆಂದರೆ ಅವಳಿಗೆ ನಾನು ಹೇಳಿಯೇ ಇರಲಿಲ್ಲ. ಡಾಕ್ಟರ್ ಫಾರಂ ತುಂಬುತ್ತಾ "ಕೊನೆಗೆ ತಿಂದದ್ದು ಎಷ್ಟು ಹೊತ್ತಿಗೆ?" ಅಂತ ಕೇಳಿದರು. ನಾನು "ರಾತ್ರಿ" ಅನ್ನುವಷ್ಟರಲ್ಲಿ ಪಕ್ಕದಿಂದ ಸಣ್ಣ ದನಿ ಬಂತು, "ಬೆಳಗ್ಗೆ ನಾನು ಸ್ವಲ್ಪ ಹಾಕಿದೆ, ಪಾಪ ತುಂಬಾ ಕೂಗ್ತಾ ಇತ್ತು." ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

ಸ್ವಲ್ಪವೇ ತಿಂದದ್ದು, ಇವತ್ತೇ ಮಾಡಿಬಿಡಿ, ರಜೆ ಹಾಕಿ ಬಂದಿದ್ದೇನೆ ಅಂತೆಲ್ಲ ವಾದ ಮಾಡಿದೆ. ಅವರು ಒಪ್ಪಲಿಲ್ಲ. ಅರಿವಳಿಕೆ ಕೊಟ್ಟ ಮೇಲೆ ಪ್ರಾಣಿಗೆ ನುಂಗುವ, ಕೆಮ್ಮುವ ಶಕ್ತಿ ಇರುವುದಿಲ್ಲ, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೆ ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಇದನ್ನು ಅವರು ಅವತ್ತೇ ಹೇಳಿದ್ದರು, ನನ್ನ ಕಿವಿಗೆ ಹೋಗಿರಲಿಲ್ಲ ಅಷ್ಟೇ. ಮನೆಗೆ ಬಂದು ಒಂದು ಸ್ಟಾರ್ ಒತ್ತಿದೆ. ಈಗ ಯೋಚಿಸಿದರೆ ನಾಚಿಕೆ ಆಗುತ್ತದೆ. ಎರಡನೇ ಸಲ ದಿನ ಸಿಕ್ಕಾಗ ಮಗಳೇ ಬೆಕ್ಕಿನ ತಿಂಡಿ ಡಬ್ಬಿಗೆ "ಯಾರೂ ಕೊಡಬಾರದು" ಅಂತ ಚೀಟಿ ಅಂಟಿಸಿದ್ದಳು. ಹಾಗಂತ ಈ ಉಪವಾಸ ಎಲ್ಲ ಪ್ರಾಣಿಗೂ ಒಂದೇ ಥರ ಅಲ್ಲ. ತೀರಾ ಸಣ್ಣ ಮರಿಗಳನ್ನು ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಇಟ್ಟರೆ ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಮೊಲ, ಗಿನಿಪಿಗ್‌ಗಳಿಗಂತೂ ವಾಂತಿಯೇ ಬರುವುದಿಲ್ಲ, ಹೊಟ್ಟೆ ಖಾಲಿ ಬಿದ್ದರೆ ಕರುಳಿನ ಕೆಲಸವೇ ನಿಲ್ಲುವ ಭಯ. ಅದಕ್ಕೆ ಪಕ್ಕದ ಮನೆಯವರು ಹೇಳಿದ್ದನ್ನು ನಂಬಬೇಡಿ, ಕ್ಲಿನಿಕ್‌ನಲ್ಲೇ ಕೇಳಿ.

ಇನ್ನು ಸರದಿ ತಪ್ಪಿಸಿದ ವಿಷಯ. ಅವತ್ತೊಂದು ದಿನ ಮುಕ್ಕಾಲು ಗಂಟೆ ಕೂತಿದ್ದೆವು. ಒಬ್ಬರು ಗಂಡುಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದರು, ಕೌಂಟರ್‌ನಲ್ಲಿ ಎರಡು ಮಾತಾಡಿದರು, ಸೀದಾ ಒಳಗೆ ಹೋದರು. ನಾನು ಪಕ್ಕದವರಿಗೆ ಕೇಳಿಸುವ ಹಾಗೆ ಗೊಣಗಿದೆ. ಆಮೇಲೆ ಕಾಂಪೌಂಡರ್ ಹೇಳಿದರು, ಅದು ಹಿಂದಿನ ದಿನದಿಂದ ಉಚ್ಚೆ ಹೊಯ್ದಿಲ್ಲವಂತೆ. ಗಂಡುಬೆಕ್ಕುಗಳ ಮೂತ್ರನಾಳ ಬಹಳ ಸಣ್ಣದು, ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಮನೆಯವರಿಗೆ ಕಾಣುವುದು ಏನು? ಬೆಕ್ಕು ಪದೇಪದೇ ಮರಳಿನ ಟ್ರೇಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಏನೂ ಬರುವುದಿಲ್ಲ. ಮಲಬದ್ಧತೆ ಇರಬೇಕು, ನಾಳೆ ನೋಡೋಣ ಅಂತ ಬಿಡುತ್ತಾರೆ. ಆ ನಾಳೆಯೇ ಅಪಾಯ.

ಹೀಗೆ ಕಾಯಬಾರದ ಇನ್ನೂ ಕೆಲವು ಇವೆ. ದೊಡ್ಡ ಎದೆಯ ನಾಯಿ ವಾಂತಿ ಮಾಡಲು ಒದ್ದಾಡುತ್ತಿದೆ, ಏನೂ ಬರುತ್ತಿಲ್ಲ, ಹೊಟ್ಟೆ ಉಬ್ಬಿದೆ ಅಂದರೆ ಹೊಟ್ಟೆಯೇ ತಿರುಚಿಕೊಂಡಿರಬಹುದು, ಅಲ್ಲಿ ಗಂಟೆಗಳ ಲೆಕ್ಕ. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ವಸಡು ಬಿಳಿಚಿಕೊಂಡಿದ್ದರೆ ಅಥವಾ ನೀಲಿ ಆಗಿದ್ದರೆ, ಫಿಟ್ಸ್ 5 ನಿಮಿಷ ದಾಟಿದರೆ ಟೋಕನ್ ತಗೊಂಡು ಕೂರಬೇಡಿ. ಬಾಗಿಲಲ್ಲೇ ಜೋರಾಗಿ ಹೇಳಿ. ಬೆಕ್ಕು ಎರಡು ಮೂರು ದಿನ ಏನೂ ತಿಂದಿಲ್ಲ ಅನ್ನುವುದೂ ಸಣ್ಣ ವಿಷಯ ಅಲ್ಲ, ದಪ್ಪ ಬೆಕ್ಕಾದರೆ ಇನ್ನೂ ಕಷ್ಟ, ಕೊಬ್ಬೆಲ್ಲ ಲಿವರ್‌ಗೆ ಹೋಗಿ ಕೂರುತ್ತದೆ. "ಹಸಿವಾದರೆ ತಾನೇ ತಿನ್ನುತ್ತೆ ಬಿಡಿ" ಅನ್ನುವ ಮಾತು ಬೆಕ್ಕಿನ ವಿಷಯದಲ್ಲಿ ನಡೆಯುವುದಿಲ್ಲ.

ಈಗ ಡಾಕ್ಟರ್ ಬಗ್ಗೆ. ಒಳ್ಳೆಯವರು, ಮಾತು ಕಡಿಮೆ. ಒಂದು ಪ್ರಾಣಿಗೆ ಹತ್ತು ಹದಿನೈದು ನಿಮಿಷ ಕೊಡುತ್ತಾರೆ. ಅಷ್ಟರಲ್ಲಿ ಅವರಿಗೆ ಕಾಣುವುದು ಹೆದರಿದ ಪ್ರಾಣಿ ಮಾತ್ರ. ಮನೆಯಲ್ಲಿ ಅದು ಹೇಗಿತ್ತು ಅನ್ನುವುದು ನಮಗೇ ಗೊತ್ತಿರುವುದು, ಅದನ್ನು ನಾವು ಒಯ್ಯದಿದ್ದರೆ ಅವರೇನು ಮಾಡಿಯಾರು? ನಮ್ಮ ನಾಯಿ ಬಂಟಿ ಒಂದು ವಾರ ಹಿಂಗಾಲು ಕುಂಟುತ್ತಿದ್ದ. ಕ್ಲಿನಿಕ್ ಮೆಟ್ಟಿಲು ಹತ್ತಿದ್ದೇ ತಡ, ಮಹಾರಾಜನ ಹಾಗೆ ನಾಲ್ಕೂ ಕಾಲೂರಿ ನಡೆದ. ಭಯ, ಉದ್ವೇಗ ಜಾಸ್ತಿ ಆದಾಗ ನೋವು ಮರೆತೇ ಹೋಗುತ್ತದಂತೆ. ನಾನು ಸುಳ್ಳುಗಾರನಾಗಿ ನಿಂತಿದ್ದೆ. ಮುಂದಿನ ಸಲ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಹೋದೆ, ಬೆಳಗ್ಗೆ ಎದ್ದಾಗಿನದು ಒಂದು, ಮೆಟ್ಟಿಲು ಇಳಿಯುವಾಗಿನದು ಒಂದು. ಡಾಕ್ಟರ್ ಎರಡೆರಡು ಸಲ ನೋಡಿ, ಕೈ ಸೀದಾ ಮಂಡಿಗೆ ಹಾಕಿದರು. ಕೆಮ್ಮು, ಫಿಟ್ಸ್, ವಿಚಿತ್ರ ಉಸಿರಾಟ ಏನೇ ಇರಲಿ, ವಿಡಿಯೋ ಇರಲಿ. ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು. ನಾಯಿ, ಬೆಕ್ಕು ಎರಡಕ್ಕೂ ಅದು ಸಾಮಾನ್ಯವಾಗಿ 30ರ ಒಳಗೆ ಇರಬೇಕು.

ಮೂಗು ಒಣಗಿದೆ, ಮೈ ಬಿಸಿ ಇದೆ, ಜ್ವರ ಅಂತ ಓಡಿ ಬರುವವರನ್ನು ಅಲ್ಲಿ ದಿನಾ ನೋಡುತ್ತೇನೆ, ನಾನೂ ಅವರಲ್ಲಿ ಒಬ್ಬನಾಗಿದ್ದೆ. ನಾಯಿಯ ಮಾಮೂಲಿ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಅದು ಜ್ವರ, ಅದಕ್ಕೆ ಅದು ಆರೋಗ್ಯ.

ಬೆಕ್ಕು ಸಾಕಿದವರಿಗೆ ದೊಡ್ಡ ಯುದ್ಧ ಕ್ಲಿನಿಕ್‌ನಲ್ಲಿ ಅಲ್ಲ, ಮನೆಯಲ್ಲೇ, ಬುಟ್ಟಿಗೆ ಹಾಕುವಾಗ. ಅಟ್ಟದಿಂದ ಕ್ಯಾರಿಯರ್ ಕೆಳಗಿಳಿಸಿದ ಸದ್ದಿಗೇ ಚುಕ್ಕಿ ಮಂಚದ ಅಡಿ ಸೇರುತ್ತಿದ್ದಳು. ನನ್ನ ಕೈಯಲ್ಲಿ ಇನ್ನೂ ಗೀರು ಇದೆ. ಈಗ ಆ ಕ್ಯಾರಿಯರ್ ವರ್ಷವಿಡೀ ಬಾಗಿಲು ತೆರೆದುಕೊಂಡು ಹಾಲ್‌ನ ಮೂಲೆಯಲ್ಲೇ ಇದೆ, ಒಳಗೆ ಅವಳ ಹಳೇ ಬಟ್ಟೆ, ಆಗಾಗ ಒಂದೆರಡು ತುಣುಕು ತಿಂಡಿ. ಮಧ್ಯಾಹ್ನದ ನಿದ್ದೆಯೂ ಅಲ್ಲೇ. ತಗೊಳ್ಳುವಾಗ ಮೇಲಿನ ಅರ್ಧ ಬಿಚ್ಚಲು ಬರುವಂಥದ್ದನ್ನೇ ತಗೊಳ್ಳಿ. ಮೊದಲ ಸಲ ಇಲ್ಲಿನ ಡಾಕ್ಟರ್ ಕ್ಲಿಪ್ ತೆಗೆದು ಮುಚ್ಚಳ ಎತ್ತಿ, ಬೆಕ್ಕನ್ನು ಹೊರಗೆ ಎಳೆಯದೆ, ಕೆಳಗಿನ ಅರ್ಧದಲ್ಲೇ ಕೂರಿಸಿ, ತಲೆ ಮೇಲೆ ಟವೆಲ್ ಹೊದಿಸಿ, ಒಂದು ಬದಿಯಿಂದ ಕೈ ಹಾಕಿ ಹೊಟ್ಟೆ ಮುಟ್ಟಿ ನೋಡಿದಾಗ ನನಗೆ ಆಶ್ಚರ್ಯ. ಚುಕ್ಕಿ ಒಂದು ಸಲವೂ ಹಿಸ್ ಅನ್ನಲಿಲ್ಲ. ಈ ಒಂದಕ್ಕೇ ನನ್ನಿಂದ ಒಂದು ಪೂರ್ತಿ ಸ್ಟಾರ್. ಇದಕ್ಕೂ ಮುಂಚೆ ಹೋಗುತ್ತಿದ್ದ ಇನ್ನೊಂದು ಕಡೆ ಕುತ್ತಿಗೆ ಹಿಡಿದು ಎತ್ತಿ ಟೇಬಲ್ ಮೇಲೆ ಕುಕ್ಕುತ್ತಿದ್ದರು, ಆಮೇಲೆ "ನಿಮ್ಮ ಬೆಕ್ಕು ತುಂಬಾ ಜೋರು" ಅಂತ ನಮಗೇ ಹೇಳುತ್ತಿದ್ದರು.

ಕಚ್ಚುವ ನಾಯಿ ಆದರೆ ಮುಚ್ಚಿಡಬೇಡಿ, ಕೌಂಟರ್‌ನಲ್ಲೇ ಹೇಳಿ. "ನಮ್ಮವನು ಏನೂ ಮಾಡಲ್ಲ" ಅಂದವರ ನಾಯಿಯೇ ಕಾಂಪೌಂಡರ್ ಕೈಗೆ ಬಾಯಿ ಹಾಕಿದ್ದು, ನನ್ನ ಕಣ್ಣೆದುರೇ.

ಮನೆಮದ್ದು ಮಾಡಿ ಹೋಗುವುದಿದ್ದರೆ ಅದನ್ನೂ ಮುಚ್ಚಿಡಬೇಡಿ. ಇದರಲ್ಲಿ ಡಾಕ್ಟರ್ ಸಿಟ್ಟಾದದ್ದನ್ನು ನೋಡಿದ್ದೇನೆ, ಸಿಟ್ಟಾಗಬೇಕಾದದ್ದೇ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಹಾಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಲಿವರ್‌ಗೆ ಇಲ್ಲ, ರಕ್ತ ಆಮ್ಲಜನಕ ಹೊರುವುದನ್ನೇ ಬಿಟ್ಟುಬಿಡುತ್ತದೆ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತದೆ. ನಾಯಿಗೆ ಅಂತ ತಂದ ಉಣ್ಣಿ ಹುಳದ ಔಷಧಿಯಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಅದನ್ನು ಬೆಕ್ಕಿಗೆ ಹಚ್ಚಿದರೆ ನಡುಕ, ಫಿಟ್ಸ್ ಬರುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನ ಕ್ಸೈಲಿಟಾಲ್, ಇವು ಯಾವುದನ್ನಾದರೂ ನಾಯಿ ತಿಂದಿದ್ದರೆ ಆ ಪೊಟ್ಟಣವನ್ನೇ ಜೊತೆಗೆ ಒಯ್ಯಿರಿ, ಎಷ್ಟು ಉಳಿದಿದೆ ಅಂತ ನೋಡಿದರೆ ಎಷ್ಟು ಒಳಗೆ ಹೋಗಿದೆ ಗೊತ್ತಾಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ.

ಲಸಿಕೆಯ ಬಗ್ಗೆ ಇವರು ಸರಿಯಾಗಿ ಹೇಳಿಕೊಟ್ಟರು. ನಾಯಿಮರಿಗೆ 6ರಿಂದ 8 ವಾರಕ್ಕೆ ಶುರುವಾದರೆ ಕನಿಷ್ಠ 16 ವಾರದವರೆಗೂ ಮತ್ತೆ ಮತ್ತೆ ಹಾಕಿಸಬೇಕು. ಇದು ಕ್ಲಿನಿಕ್‌ನವರ ದುಡ್ಡಿನ ಆಟ ಅಂತ ನಾನೂ ಅಂದುಕೊಂಡಿದ್ದೆ. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ, ಅದು ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಅದಕ್ಕೇ ಸರಣಿ. ಲಸಿಕೆ ಮುಗಿಯುವವರೆಗೆ ಮರಿಯನ್ನು ಕ್ಲಿನಿಕ್ ನೆಲಕ್ಕೆ ಬಿಡಬೇಡಿ, ತೊಡೆಯ ಮೇಲೇ ಇರಲಿ. ಮರಿಗಳಿಗೆ ಪ್ರಾಣ ತೆಗೆಯುವಂಥ ವಾಂತಿ-ಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಕಾಯಿಲೆ ನಾಯಿಗಳು ಬರುವ ಜಾಗವೇ ಅದು ಅಲ್ವಾ.

ಖರ್ಚಿನ ವಿಷಯದಲ್ಲಿ ಸಂಕೋಚ ಬೇಡ. ಮೊದಮೊದಲು ಬಿಲ್ ನೋಡಿ ಒಳಗೊಳಗೇ ಕುದಿಯುತ್ತಿದ್ದೆ. ಈಗ ಡಾಕ್ಟರ್ ಟೆಸ್ಟ್ ಬರೆದುಕೊಡುವಾಗಲೇ ಕೇಳುತ್ತೇನೆ, ಒಟ್ಟು ಎಷ್ಟಾಗಬಹುದು, ಇದರ ರಿಸಲ್ಟ್ ಹೇಗೆ ಬಂದರೆ ಔಷಧಿ ಬದಲಾಗುತ್ತದೆ, ಇವತ್ತೇ ಬೇಕಾ, ಎರಡು ದಿನ ನೋಡಬಹುದಾ ಅಂತ. ಇಲ್ಲಿ ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ. ಒಂದು ಸಲ ಎಕ್ಸ್‌ರೇ ಬೇಡ ಅಂತ ಅವರೇ ಹೊಡೆದುಹಾಕಿದರು.

ಕೊರತೆ ಇಲ್ಲವಾ? ಇದೆ. ನಾಯಿ, ಬೆಕ್ಕು ಎಲ್ಲಕ್ಕೂ ಒಂದೇ ಹಾಲ್, ಬೆಕ್ಕಿನ ಬುಟ್ಟಿ ಎತ್ತರದಲ್ಲಿ ಇಡೋಣ ಅಂದರೆ ಒಂದು ಕಟ್ಟೆಯೂ ಇಲ್ಲ, ತೊಡೆ ಮೇಲೆ ಇಟ್ಟುಕೊಂಡು ಮೇಲೊಂದು ಬಟ್ಟೆ ಹಾಕಿಕೊಂಡು ಕೂರಬೇಕು. ಔಷಧಿ ಚೀಟಿಯ ಅಕ್ಷರ ದೇವರಿಗೇ ಪ್ರೀತಿ, ಹೊರಗೆ ಬರುವ ಮುಂಚೆ ಎಷ್ಟು ಹೊತ್ತಿಗೆ, ಎಷ್ಟು ದಿನ, ತಿಂದ ಮೇಲಾ ಮುಂಚೆಯಾ ಅಂತ ಬಾಯಲ್ಲಿ ಹೇಳಿಸಿಕೊಂಡು ಬನ್ನಿ. ಇನ್ನು ಫೋನ್. ಎರಡು ವರ್ಷದ ಹಿಂದೆಯೂ ಎತ್ತುತ್ತಿರಲಿಲ್ಲ, ಈಗಲೂ ಎತ್ತುವುದಿಲ್ಲ. ಆಪರೇಷನ್ ಆದ ರಾತ್ರಿ ಚುಕ್ಕಿಯ ಹೊಲಿಗೆ ಹತ್ತಿರ ಸ್ವಲ್ಪ ಊದಿದಂತೆ ಕಂಡಾಗ ಒಂಬತ್ತು ಸಲ ರಿಂಗ್ ಮಾಡಿದೆ. ಬೆಳಗ್ಗೆ ಹೋದಾಗ "ಮಾಮೂಲಿ, ಇಳಿಯುತ್ತೆ" ಅಂದರು, ಇಳಿಯಿತು. ಅದನ್ನೇ ಫೋನಿನಲ್ಲಿ ಹೇಳಿದ್ದರೆ ಆ ರಾತ್ರಿ ನಾನು ನಿದ್ದೆ ಮಾಡುತ್ತಿದ್ದೆ. ರಾತ್ರಿ ಹೊತ್ತಿಗೆ ಎಲ್ಲಿಗೆ ಹೋಗಬೇಕು ಅಂತ ಇನ್ನೊಂದು ಆಸ್ಪತ್ರೆಯ ನಂಬರ್ ಈಗ ಫ್ರಿಜ್ ಮೇಲೆ ಅಂಟಿಸಿಟ್ಟಿದ್ದೇನೆ.

ಐದನೇ ಸ್ಟಾರ್ ಹಿಡಿದಿಟ್ಟುಕೊಂಡಿರುವುದು ಈ ಫೋನಿಗಾಗಿಯೇ.