ಸುಂಟಿಕೊಪ್ಪದ ತೋಟದಲ್ಲಿ ಕ್ಸಾಂಪ್: ಮೂರು ಮಳೆಗಾಲ ಬಳಸಿದ ಮೇಲೆ

ಕ್ಸಾಂಪ್ (XAMPP, ನಮ್ಮ ಕಂಪ್ಯೂಟರನ್ನೇ ವೆಬ್ ಸರ್ವರ್ ಥರ ಮಾಡೋ ಸಾಫ್ಟ್‌ವೇರ್) ಹಾಕ್ಕೊಂಡು ಮೂರು ಮಳೆಗಾಲ ಆಯ್ತು. ನಮ್ಮ ಕಡೆ ಮನೇಲಿ ಕೂತು ವೆಬ್ ಆಪ್ ಮಾಡೋರಿಗೆ ಇದು ತುಂಬಾ ಉಪಯೋಗ, ಯಾಕಂದ್ರೆ ಜೂನ್ ಬಂತು ಅಂದ್ರೆ ನೆಟ್ ಯಾವಾಗ ಇರತ್ತೆ ಯಾವಾಗ ಹೋಗತ್ತೆ ಹೇಳಕ್ಕಾಗಲ್ಲ, ಲೈನ್ ಮೇಲೆ ಮರ ಬಿದ್ರೆ ಎರಡ್ಮೂರು ದಿನ ಕರೆಂಟೂ ಇಲ್ಲ. ಒಂದ್ಸಲ ಸುಮಾರು 150 ಎಂಬಿ ಇಳಿಸ್ಕೊಂಡ್ರೆ ಅಪಾಚೆ (ವೆಬ್ ಸರ್ವರ್), ಮರಿಯಾಡಿಬಿ (ಡೇಟಾಬೇಸ್), ಪಿಎಚ್‌ಪಿ (ಆಪ್ ಬರೆಯೋ ಭಾಷೆ), ಪಿಎಚ್‌ಪಿಮೈಅಡ್ಮಿನ್ (ಡೇಟಾಬೇಸನ್ನ ಬ್ರೌಸರಲ್ಲೇ ನೋಡ್ಕೊಳ್ಳೋ ಟೂಲ್) ಎಲ್ಲಾ ಒಟ್ಟಿಗೆ ಬರತ್ತೆ, ಆಮೇಲೆ ನೆಟ್ಟೇ ಬೇಡ. ದುಡ್ಡೂ ಇಲ್ಲ.

ನಾನು ಮಾಡ್ತಿರೋದು ದೊಡ್ಡಪ್ಪನ ತೋಟಕ್ಕೆ ಕಾಫಿ ಕೊಯ್ಲಿನ ಲೆಕ್ಕದ ಆಪ್. ಸಂಜೆ ಹಣ್ಣು ತೂಗ್ವಾಗ ಯಾರದು ಎಷ್ಟು ಕೆಜಿ ಅಂತ ರೈಟ್ರು (ತೋಟದ ಲೆಕ್ಕ ಬರೆಯೋರು) ಬುಕ್ಕಲ್ಲಿ ಬರೀತಾರಲ್ಲ, ಅದನ್ನ ಫೋನಲ್ಲೇ ಹಾಕಿದ್ರೆ ವಾರದ ಕೂಲಿ ತಾನೇ ಲೆಕ್ಕ ಆಗ್ಬೇಕು. ಒಂದು ಕೆಜಿ ತಪ್ಪಿದ್ರೂ ಅದು ಒಬ್ಬರ ದುಡಿಮೆ, ಅದಕ್ಕೇ ಪೂರ್ತಿ ಟೆಸ್ಟ್ ಆಗದೆ ತೋಟಕ್ಕೆ ಕೊಡಲ್ಲ ಅಂತ ದೊಡ್ಡಪ್ಪನಿಗೆ ಮೊದಲೇ ಹೇಳಿದ್ದೆ.

ಸೆಟಪ್ ಕಷ್ಟ ಇಲ್ಲ, ಕ್ಸಾಂಪ್ ಒಳಗಿನ ಎಚ್‌ಟಿಡಾಕ್ಸ್ (htdocs) ಫೋಲ್ಡರಲ್ಲಿ ನಿಮ್ಮ ಫೈಲ್ ಹಾಕಿ, ಕಂಟ್ರೋಲ್ ಪ್ಯಾನಲ್ಲಲ್ಲಿ ಸ್ಟಾರ್ಟ್ ಒತ್ತಿ, ಬ್ರೌಸರಲ್ಲಿ ಲೋಕಲ್‌ಹೋಸ್ಟ್ ಅಂತ ಹೊಡೀರಿ. ಅಪಾಚೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಸಾಮಾನ್ಯವಾಗಿ 80ನೇ ಪೋರ್ಟನ್ನ (ಅಪಾಚೆ ಕೆಲಸ ಮಾಡೋ ಬಾಗಿಲಿನ ನಂಬರ್) ಬೇರೆ ಪ್ರೋಗ್ರಾಂ ಹಿಡ್ಕೊಂಡಿರತ್ತೆ, ಕಾನ್ಫಿಗ್ ಫೈಲಲ್ಲಿ 8080 ಮಾಡಿ, ಆಮೇಲೆ ಬ್ರೌಸರಲ್ಲೂ ಲೋಕಲ್‌ಹೋಸ್ಟ್:8080 ಅಂತ ಹೊಡೀರಿ.

ನಂಗೆ ಬಹಳ ಇಷ್ಟ ಆಗಿದ್ದು ಫೋನಲ್ಲಿ ಟೆಸ್ಟ್ ಮಾಡೋದು. ಕಣದ ಹತ್ರ ಸಿಗ್ನಲ್ ಇಲ್ವೇ ಇಲ್ಲ, ಆದ್ರೂ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಅದಕ್ಕೆ ಸೇರಿಸಿ, ಲ್ಯಾಪ್‌ಟಾಪಿನ ಐಪಿ ಅಡ್ರೆಸ್ ಫೋನಿನ ಬ್ರೌಸರಲ್ಲಿ ಹೊಡೆದ್ರೆ ಆಪ್ ಓಪನ್ ಆಗತ್ತೆ, ಫೈರ್‌ವಾಲಲ್ಲಿ ಅಪಾಚೆಗೆ ಪರ್ಮಿಷನ್ ಕೊಟ್ಟಿರ್ಬೇಕು ಅಷ್ಟೇ. ರೈಟ್ರ ಕೈಗೇ ಫೋನ್ ಕೊಟ್ಟೆ. ಅವರ ಬೆರಳಿಗೆ ನನ್ನ ಬಟನ್ ಚಿಕ್ಕದಾಯ್ತು, ಅವತ್ತೇ ದೊಡ್ಡದು ಮಾಡಿದೆ. ಅಲ್ಲೇ ಇನ್ನೊಂದೂ ಗೊತ್ತಾಯ್ತು, ಬೂಟ್‌ಸ್ಟ್ರ್ಯಾಪ್ (ಪೇಜ್ ಡಿಸೈನಿಗೆ ರೆಡಿ ಸಿಗೋ ಕೋಡ್) ಫೈಲನ್ನ ಆನ್‌ಲೈನ್ ಲಿಂಕಿಂದ ತಗೊಂಡಿದ್ದೆ, ನೆಟ್ ಇಲ್ಲದೆ ಪೇಜ್ ಡಿಸೈನೆಲ್ಲಾ ಚೆಲ್ಲಾಪಿಲ್ಲಿ. ಆ ಫೈಲುಗಳನ್ನ ನಿಮ್ಮ ಫೋಲ್ಡರಲ್ಲೇ ಇಟ್ಕೊಳ್ಳಿ.

ಈಗ ಕರೆಂಟಿನ ವಿಷಯ. ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಹಳೇದು, ಮೊದಲನೇ ಮಳೆಗಾಲದಲ್ಲಿ ಕರೆಂಟ್ ಹೋದ ತಕ್ಷಣ ಅದೂ ಆಫ್ ಆಯ್ತು, ಮತ್ತೆ ಆನ್ ಮಾಡಿದ್ರೆ ಮೈಎಸ್‌ಕ್ಯೂಎಲ್ (ಕಂಟ್ರೋಲ್ ಪ್ಯಾನಲ್ಲಲ್ಲಿ ಮರಿಯಾಡಿಬಿಗೆ ಇರೋ ಹೆಸರು) ಸ್ಟಾರ್ಟ್ ಆಗಿ ಕೂಡ್ಲೇ ನಿಂತೋಗತ್ತೆ, ಕೆಂಪು ಅಕ್ಷರದಲ್ಲಿ ಎರರ್. ಎರಡು ತಿಂಗಳ ಕೆಲಸ ಹೋಯ್ತು ಅಂತ ಆ ರಾತ್ರಿ ನಿದ್ದೆ ಬರ್ಲಿಲ್ಲ. ಹಾಗಾದ್ರೆ ಏನನ್ನೂ ಡಿಲೀಟ್ ಮಾಡ್ಬೇಡಿ. ಮೈಎಸ್‌ಕ್ಯೂಎಲ್ ಒಳಗಿನ ಡೇಟಾ ಫೋಲ್ಡರಿಗೆ ಬೇರೆ ಹೆಸರು ಕೊಡಿ, ಪಕ್ಕದಲ್ಲಿರೋ ಬ್ಯಾಕಪ್ ಫೋಲ್ಡರನ್ನ ಕಾಪಿ ಮಾಡಿ ಅದಕ್ಕೆ ಡೇಟಾ ಅಂತ ಹೆಸರಿಡಿ, ಆಮೇಲೆ ಹಳೇದರಿಂದ ನಿಮ್ಮ ಡೇಟಾಬೇಸಿನ ಫೋಲ್ಡರು ಮತ್ತೆ ಐಬಿಡೇಟಾ1 (ibdata1) ಅನ್ನೋ ಫೈಲು ಇಲ್ಲಿಗೆ ತನ್ನಿ. ನಂಗೆ ಪೂರ್ತಿ ವಾಪಸ್ ಸಿಕ್ತು. ಅವತ್ತಿಂದ ಕೆಲಸ ಮುಗಿಸೋ ಮುಂಚೆ ದಿನಾ ಪಿಎಚ್‌ಪಿಮೈಅಡ್ಮಿನಲ್ಲಿ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕ್ತೀನಿ.

ಕನ್ನಡ ಹೆಸರು ಸೇವ್ ಮಾಡಿದ್ರೆ ಬರೀ ಪ್ರಶ್ನೆ ಚಿಹ್ನೆ ಬರ್ತಿತ್ತು. ಹಳೇ ಟೇಬಲ್ ಕನ್ನಡ ಅಕ್ಷರ ಹಿಡಿಸದ ಲ್ಯಾಟಿನ್1 (latin1) ಎನ್‌ಕೋಡಿಂಗಲ್ಲಿತ್ತು, ಎಲ್ಲಾ ಭಾಷೆ ಹಿಡಿಸೋ ಯುಟಿಎಫ್8ಎಂಬಿ4 (utf8mb4) ಮಾಡಿದ್ಮೇಲೆ ಸರಿಹೋಯ್ತು, ಆದ್ರೆ ಆಗ್ಲೇ ಸೇವ್ ಆಗಿದ್ದ ಹೆಸರು ವಾಪಸ್ ಬರಲ್ಲ, ಹೊಸದಾಗೇ ಟೈಪ್ ಮಾಡ್ಬೇಕು.

ಇಲ್ಲಿ ಓಡಿದ್ದೆಲ್ಲಾ ಆನ್‌ಲೈನ್ ಸರ್ವರಲ್ಲೂ ಓಡತ್ತೆ ಅಂತ ನಂಬ್ಬೇಡಿ. ಫೈಲ್ ಹೆಸರಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ವಿಂಡೋಸಿಗೆ ಒಂದೇ, ಆನ್‌ಲೈನ್ ಸರ್ವರುಗಳಲ್ಲಿ ಹೆಚ್ಚಾಗಿ ಇರೋ ಲಿನಕ್ಸಿಗೆ ಬೇರೆ ಬೇರೆ, ಹಂಗಾಗಿ ಕೋಡಲ್ಲಿ ಹೆಸರು ಹಾಗೆ ಬೇರೆ ಬರೆದಿದ್ರೆ ಅಲ್ಲಿ ಫೋಟೋನೇ ಕಾಣಲ್ಲ. ಮತ್ತೆ ಕ್ಸಾಂಪನ್ನೇ ಸರ್ವರ್ ಮಾಡಿ ಆನ್‌ಲೈನ್ ಬಿಡ್ಬೇಡಿ, ಡೇಟಾಬೇಸಿನ ರೂಟ್ ಯೂಸರಿಗೆ (ಎಲ್ಲಾ ಅಧಿಕಾರ ಇರೋ ಯೂಸರ್) ಪಾಸ್‌ವರ್ಡೇ ಇಲ್ಲದೆ ಬರತ್ತೆ ಅದು.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಜನವರಿಲಿ ರೊಬಸ್ಟಾ ಕೊಯ್ಲು ಶುರು, ಮೊದಲ ಎರಡು ವಾರ ರೈಟ್ರ ಬುಕ್ಕೂ ಇರತ್ತೆ ಆಪೂ ಇರತ್ತೆ, ಎರಡರ ಲೆಕ್ಕನೂ ದಿನಾ ಸಂಜೆ ತಾಳೆ ನೋಡ್ತೀವಿ.